ಕೂಡುವ ಲೆಕ್ಕ

ಮಾರ್ಚ್ 9, ಬೆಳಿಗ್ಗೆ

ಮತ್ತೆ ಕೆರೆತ. ಪ್ಲಾಸ್ಟರಿನೊಳಗೆ, ಮೊಣಕಾಲಿನಿಂದ ಒಂದು ಗೇಣು ಕೆಳಗೆ. ಹೆಣಿಗೆಯ ಕಡ್ಡಿ ಇಳಿಸಿದೆ, ತಲುಪಲಿಲ್ಲ. ಕಾಲು ಕೆರೆದುಕೊಂಡು ಜಗಳಕ್ಕೆ ಹೋಗುವ ಸುಖವೂ ನನ್ನ ಪಾಲಿಗಿಲ್ಲ. ಜಗಳವೇ ನನ್ನ ಬಳಿಗೆ ಬರಬೇಕು. ಬರುತ್ತದೆ. ಎಂಟಕ್ಕೆ ಸರಿಯಾಗಿ, ಒಂದು ಕೈಯಲ್ಲಿ ನೀರು, ಇನ್ನೊಂದರಲ್ಲಿ ಮಾತ್ರೆಯ ಹಾಳೆ.

"ಬಾಯಿ ತೆಗಿ."

"ಅಕ್ಕಾ, ನನಗೆ ನಲವತ್ತು ದಾಟಿತು."

"ಬಾಯಿಗೂ ದಾಟಿರತ್ತೆ. ತೆಗಿ."

ಚಿಟ್! ಹಾಳೆಯಿಂದ ಮಾತ್ರೆ ಸಿಡಿಯುವ ಸದ್ದು. ಕಾಲೇಜು ಮುಗಿಸಿದಾಗಿನಿಂದ ಬೆಳಿಗ್ಗೆಯ ಅಲಾರಂ ಅದೇ, ರಾತ್ರಿಯ ಜೋಗುಳವೂ ಅದೇ. ಈ ಮಾತ್ರೆಯ ದಯೆಯಿಂದ ಒಂಬತ್ತು ವರ್ಷಗಳಿಂದ ಫಿಟ್ಸ್ ಈ ಕಡೆ ತಲೆ ಹಾಕಿಲ್ಲ. ಅಕ್ಕ ಈ ಮಾತ್ರೆಯ ಮೇಲೆ ಇಟ್ಟಷ್ಟು ನಂಬಿಕೆಯನ್ನು ಯಾವ ಗಂಡಸಿನ ಮೇಲೂ ಇಟ್ಟವಳಲ್ಲ. ಅದಕ್ಕೇ ಮದುವೆಯಾಗಲಿಲ್ಲ ಎಂಬುದು ನನ್ನ ಸಂಶೋಧನೆ. ಅವಳ ಮುಂದೆ ಇನ್ನೂ ಮಂಡಿಸಿಲ್ಲ.

ಅವಳು ಶಾಲೆಗೆ ಹೊರಟಳು. ಗಣಿತದ ಮೇಡಂ. ನಾನು ಹೆಡ್‌ಫೋನ್ ಹಾಕಿಕೊಂಡು ಹಾಸಿಗೆಯಲ್ಲೇ ಕೆಲಸಕ್ಕೆ ಕುಳಿತೆ. ಜನರ ಉಸಿರು ತೆಗೆಯುವುದು ನನ್ನ ಕಸುಬು. ಸ್ಟುಡಿಯೊದಲ್ಲಿ ಯಾರೋ ಕಾದಂಬರಿ ಓದುತ್ತಾರೆ. ಮಧ್ಯೆ ಅವರು ಎಳೆದುಕೊಂಡ ಉಸಿರು, ಚಪ್ಪರಿಸಿದ ತುಟಿ, ಕಿರುಗುಟ್ಟಿದ ಕುರ್ಚಿ, ಎಲ್ಲವನ್ನೂ ಹುಡುಕಿ ಕತ್ತರಿಸುತ್ತೇನೆ. ಕೇಳುಗರಿಗೆ ಕಥೆ ಮಾತ್ರ ಸಿಗುತ್ತದೆ. ಕಿಟಕಿಯಿಲ್ಲದ, ನಾಲ್ಕೂ ಗೋಡೆಗೆ ಸ್ಪಂಜು ಬಡಿದ ಕೋಣೆ. ಹದಿನೈದು ವರ್ಷ ಅಲ್ಲೇ ಕೂತಿದ್ದೆ, ಡಿಸೆಂಬರಿನಲ್ಲಿ ಅದರ ಬಾಗಿಲಿನ ಒಂದೇ ಒಂದು ಮೆಟ್ಟಿಲು ತಪ್ಪುವವರೆಗೆ. ಫಿಟ್ಸ್ ಅಲ್ಲ. ಪೂರ್ತಿ ಎಚ್ಚರದಲ್ಲಿ, ಸ್ವಂತ ಪ್ರತಿಭೆಯಿಂದ ಬಿದ್ದೆ.

ಮಾರ್ಚ್ 12

ಎಕ್ಸ್‌ರೇ. ಮೂಳೆ ಡಾಕ್ಟರಿಗೆ ನಾನಿಟ್ಟ ಹೆಸರು ಬಡಗಿ. ಮಾತೆತ್ತಿದರೆ ಸ್ಕ್ರೂ, ಪ್ಲೇಟು. ಹಲಗೆಯ ಬಿರುಕು ನೋಡುವವರಂತೆ ಫಿಲ್ಮನ್ನು ಬೆಳಕಿಗೆ ಹಿಡಿದರು.

"ಕೂಡಿಲ್ಲ."

"ಕಾಲ ಕೂಡಿ ಬಂದ್ರೆ ಕಾಲೂ ಕೂಡತ್ತೆ ಡಾಕ್ಟ್ರೇ."

ನಗಲಿಲ್ಲ. "ಮೂರು ತಿಂಗಳಾಯ್ತು. ಇಷ್ಟೊತ್ತಿಗೆ ಬಿರುಕಿನ ಸುತ್ತ ಮೋಡದ ಹಾಗೆ ಬೆಳ್ಳಗೆ ಕಟ್ಟಬೇಕಿತ್ತು. ಹೊಸ ಮೂಳೆ. ಎಲ್ಲಿದೆ ತೋರಿಸಿ ನೋಡೋಣ?"

ಆಕಾಶ ನಿರ್ಮಲವಾಗಿತ್ತು.

"ಒಂದೇ ಮೆಟ್ಟಿಲು ಅಂದ್ರಲ್ವಾ? ಒಂದು ಮೆಟ್ಟಿಲಿಗೆ ಮುರಿಯೋ ಮೂಳೆ ಅಲ್ಲ ಇದು. ಏನಾದ್ರೂ ಮಾತ್ರೆ ತಗೋತೀರಾ, ತುಂಬಾ ದಿನದಿಂದ?"

ಅಕ್ಕ ಹೆಸರು ಹೇಳಿದಳು. ಮನೆಮಗಳ ರ‍್ಯಾಂಕು ಹೇಳುವ ಹೆಮ್ಮೆಯಿಂದ. ಬಡಗಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆ ಇಡುವಿಕೆ ನನಗೆ ಹಿಡಿಸಲಿಲ್ಲ.

ರಕ್ತ ಕೊಟ್ಟು ಬಂದೆವು. ಮೇ ಮಧ್ಯದವರೆಗೆ ಕಾಯುತ್ತಾರಂತೆ. ಆಗಲೂ ಮೋಡ ಕಟ್ಟದಿದ್ದರೆ ಆಪರೇಷನ್: ಸೊಂಟದ ಮೂಳೆಯಿಂದ ಚೂರು ಕೆತ್ತಿ ಇಲ್ಲಿಗೆ ತುಂಬಿ, ಮೇಲೊಂದು ಪ್ಲೇಟು. "ಆದ್ರೆ ಇಂಥ ಮೂಳೇಲಿ ಸ್ಕ್ರೂ ಹಿಡಿದು ನಿಲ್ಲತ್ತೆ ಅಂತ ನಾನು ಮಾತು ಕೊಡಲ್ಲ. ನಿಲ್ಲದಿದ್ರೆ ಊರುಗೋಲು ಖಾಯಂ."

ಆಟೊದಲ್ಲಿ ಅಕ್ಕ ಎಕ್ಸ್‌ರೇ ಲಕೋಟೆಯನ್ನು ಎದೆಗೊತ್ತಿ ಹಿಡಿದು ಕೂತಳು. ಡ್ರೈವರ್ ಎರಡು ಸಲ ತಿರುಗಿ ನೋಡಿದ.

ಮಾರ್ಚ್ 17

ಮಿದುಳಿನ ಡಾಕ್ಟರಮ್ಮ. ತಲೆಯೊಳಗಿನ ಮಿಂಚಿಗೆ ಮದ್ದು ಕೊಡುವವರಾದ್ದರಿಂದ ಮಿಂಚಮ್ಮ. ರಕ್ತದಲ್ಲಿ ವಿಟಮಿನ್ ಡಿ ಹುಡುಕಿದರೂ ಸಿಗದಷ್ಟು ಕಡಿಮೆಯಂತೆ.

"ಹಳೇ ಮಾತ್ರೆ ಕೆಟ್ಟದ್ದು ಅಂತ ಅಲ್ಲ," ಎಂದರು ಅಕ್ಕನ ಮುಖ ನೋಡಿ. "ಇವರನ್ನ ಇಷ್ಟು ವರ್ಷ ಕಾದಿದೆ. ಆದ್ರೆ ಕಾವಲುಗಾರನೂ ಊಟ ಮಾಡ್ತಾನಲ್ಲ? ಇದು ಮೈಯಲ್ಲಿರೋ ಡಿ ವಿಟಮಿನ್ನನ್ನ ಬೇಗ ಬೇಗ ಖಾಲಿ ಮಾಡಿಸತ್ತೆ. ಡಿ ಇಲ್ಲದಿದ್ರೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತಲ್ಲ. ಮೂಳೆ ಒಳಗೊಳಗೇ ಸವೆಯತ್ತೆ. ಬಿಸಿಲಲ್ಲಿ ಓಡಾಡೋ ಅಭ್ಯಾಸ ಇದ್ಯಾ?"

ನಾನು ಅಕ್ಕನ ಕೈಯಲ್ಲಿದ್ದ ಕೊಡೆಯ ಕಡೆ ನೋಡಿದೆ.

ನನ್ನ ಮೊದಲ ಫಿಟ್ಸ್ ಶಾಲೆಯ ಮೈದಾನದಲ್ಲಿ, ನಡು ಮಧ್ಯಾಹ್ನ. ಆಗ ಅಕ್ಕನಿಗೆ ಹದಿನಾಲ್ಕು. ಬಿಸಿಲು ಕೂಡಿಸು ತಮ್ಮ, ಸಮ ಫಿಟ್ಸ್. ಒಂದೇ ಉದಾಹರಣೆಯಿಂದ ಪ್ರಮೇಯ ಸಾಧಿಸಿಬಿಟ್ಟಳು. ಅಂದಿನಿಂದ ಬಿಸಿಲಿಗೆ ನಾನು ನಿಷೇಧಿತ ಪ್ರದೇಶ. ಹೊರಗೆ ಕಾಲಿಟ್ಟರೆ ತಲೆಯ ಮೇಲೆ ಅವಳ ಕಪ್ಪು ಕೊಡೆ. ಕಿಟಕಿಯಿಲ್ಲದ ಸ್ಟುಡಿಯೊದಲ್ಲಿ ಕೆಲಸ ಸಿಕ್ಕಿದ ದಿನ ನನಗಿಂತ ಅವಳು ಕುಣಿದಳು.

"ಬಿಸಿಲಿಗೂ ಫಿಟ್ಸಿಗೂ ಹಾಗೆಲ್ಲ ನಂಟಿಲ್ಲಮ್ಮ," ಎಂದರು ಮಿಂಚಮ್ಮ, ಮೆತ್ತಗೆ. ಮೆತ್ತಗೆ ಹೇಳಿದ್ದೇ ಹೆಚ್ಚು ತಾಗಿರಬೇಕು. ಅಕ್ಕ ಕೊಡೆಯನ್ನು ಕುರ್ಚಿಯ ಕೆಳಗೆ ತಳ್ಳಿದಳು.

ತೀರ್ಮಾನ: ಡಿ ವಿಟಮಿನ್, ಕ್ಯಾಲ್ಸಿಯಂ, ಬೆಳಗಿನ ಬಿಸಿಲು. ಹೊಸ ಮಾತ್ರೆ ಶುರು. ಹಳೆಯದನ್ನು ಸ್ವಲ್ಪ ಸ್ವಲ್ಪವಾಗಿ ಕಳೆಯುವುದು.

"ಕಳೆಯೋವಾಗ ಫಿಟ್ಸ್ ಬಂದ್ರೆ?" ಅಕ್ಕ.

"ಬರಬಹುದು. ಬರದೇನೂ ಇರಬಹುದು."

"ಬರಬಹುದು ಅಂದ್ರೆ ಎಷ್ಟು ಪರ್ಸೆಂಟು?"

"ಅದು ನಿಮ್ಮ ಸಬ್ಜೆಕ್ಟಲ್ಲಿ ಸಿಗೋ ಉತ್ತರ ಅಲ್ಲ ಮೇಡಂ. ಬಂದ್ರೆ ಈ ಕಾಲಿನ ಮೇಲೆ ಬೀಳದ ಹಾಗೆ ನೋಡ್ಕೊಳ್ಳಿ. ಅಷ್ಟೇ."

ಅಷ್ಟೇ!

ಮಾರ್ಚ್ 20

ಮಂಚ ಹೋಯಿತು. ಹಾಸಿಗೆ ನೆಲಕ್ಕೆ. ಮೇಜಿನ ಮೂಲೆಗಳಿಗೆ ಹಳೆಯ ಬಟ್ಟೆ ಸುತ್ತಿದ್ದಾಳೆ. ಮೇಜಿಗೂ ಫ್ರ್ಯಾಕ್ಚರ್ ಆದಂತಿದೆ.

ಬೆಳಿಗ್ಗೆ ಮಹಡಿಯ ಬಿಸಿಲಿನಲ್ಲಿ ಕುರ್ಚಿ. ಅಕ್ಕ ಎದುರು ನಿಂತಳು, ಕಳ್ಳನನ್ನು ಕಾಯುವ ಪೊಲೀಸಿನಂತೆ. ನಾನು ಆಕಳಿಸಿದರೆ ಬೆಚ್ಚುತ್ತಾಳೆ. ಸೀನಿದೆ. ಓಡಿ ಬಂದು ತಲೆ ಹಿಡಿದಳು.

"ಅಕ್ಕಾ, ನೆರಳು ಬಿಡು. ನಿನ್ನ ಮೈಯೇ ಒಂದು ಕೊಡೆ."

"ಎಲುಬಿಲ್ಲದ ನಾಲಿಗೆ ನಿಂದು. ಅದೊಂದು ಮುರೀಲಿಲ್ಲ ನೋಡು."

ಸಂಜೆಯ ಹಾಲು ಹೊಸ ಕಾನೂನು. ಮೂಳೆಗಂತೆ. ಐದೂವರೆಗೆ ದೊಡ್ಡ ಲೋಟ.

ಏಪ್ರಿಲ್ 3

ಹಳೆಯ ಮಾತ್ರೆಯಲ್ಲಿ ಎರಡನೇ ಕಡಿತ. ಏನೂ ಆಗಿಲ್ಲ... ಬರೆಯುವಾಗ ಮೇಜಿನ ಮರ ಮುಟ್ಟಿದೆ. ಮೇಲೆ ಬಟ್ಟೆ ಸುತ್ತಿದೆ, ಲೆಕ್ಕಕ್ಕೆ ಬರುತ್ತದೋ ಇಲ್ಲವೋ.

ಕಾಯುವುದೇ ಕೆಲಸವಾಗಿದೆ. ಫಿಟ್ಸ್ ಬರುವ ಮುಂಚೆ ನನಗೊಂದು ವಾಸನೆ ಬರುತ್ತದೆ—ಒದ್ದೆ ಸೀಮೆಸುಣ್ಣದ್ದು. ಇಲ್ಲದ ವಾಸನೆ, ಮಿದುಳು ತಾನೇ ಹುಟ್ಟಿಸಿಕೊಂಡದ್ದು. ನನ್ನ ಗ್ರಹಚಾರಕ್ಕೆ ಅಕ್ಕ ಗಣಿತದ ಮೇಡಂ. ಅವಳು ಶಾಲೆಯಿಂದ ಬಂದು ಬಾಗಿಲು ತೆರೆದರೆ ಸಾಕು, ಎದೆ ಧಸಕ್. ಬಂದದ್ದು ಅಕ್ಕನೋ ಅದೋ?

"ಯಾರು?" ಎಂದು ಕೂಗುತ್ತೇನೆ.

"ನಾನೇ ಕಣೋ, ಇನ್ಯಾರು!"

ಮತ್ತೆ ಉಸಿರು. ಅದನ್ನು ಕತ್ತರಿಸಲು ಯಾರೂ ಇಲ್ಲ.

ಇವತ್ತು ಕೈ ಸ್ವಲ್ಪ ಎಗರಿ ಲೋಟ ಬಿತ್ತು. ನಿದ್ದೆಗಣ್ಣು, ಅಷ್ಟೇ. ಅಕ್ಕ ಚೂರು ಆಯುತ್ತಾ ತುಂಬ ಹೊತ್ತು ಬಗ್ಗಿಯೇ ಇದ್ದಳು.

ಏಪ್ರಿಲ್ 11

ತಲೆ ತಿರುಗು. ಊರುಗೋಲು ಊರಿದ ಕಡೆ ನೆಲ ಇರುವುದಿಲ್ಲ. ಕುಡುಕರಿಗೆ ಕುಡಿದ ಸುಖವಾದರೂ ಇರುತ್ತದೆ.

ಏಪ್ರಿಲ್ 13

ಎರಡೆರಡು ಕಾಣುತ್ತಿದೆ. ಬಾಗಿಲಲ್ಲಿ ಇಬ್ಬರು ಅಕ್ಕಂದಿರು. ಒಬ್ಬಳನ್ನೇ ಸಂಭಾಳಿಸಲಾರದವನು ನಾನು. ನಾಲಿಗೆ ತೊದಲುತ್ತಿದೆ. ಬಚ್ಚಲಿಗೆ ಹೋಗುವಾಗ ವಾಲಿದೆ, ಗೋಡೆ ಹಿಡಿಯಿತು. ಪ್ಲಾಸ್ಟರ್ ಕಾಲು ನೆಲಕ್ಕೆ ಕುಟ್ಟಿತು. ಒಳಗಿನಿಂದ ಒಂದು ನೋವು, ಮೊದಲ ದಿನದ್ದೇ.

"ಹೊಸ ಮಾತ್ರೆ ಒಗ್ತಿಲ್ಲ," ಎಂದಳು ಅಕ್ಕ. "ನಾನು ಮೊದಲೇ ಹೇಳಿದ್ದೆ."

ಹೌದು, ಹೇಳಿದ್ದಳು. ನನಗೂ ಹಾಗೇ ಅನ್ನಿಸುತ್ತಿದೆ.

ಏಪ್ರಿಲ್ 14

ಮಿಂಚಮ್ಮನಿಗೆ ಫೋನ್. ಲಕ್ಷಣ ಹೇಳಿದೆ.

"ವಿಚಿತ್ರ. ಇದು ಹೊಸ ಮಾತ್ರೆಯ ಲಕ್ಷಣ ಅಲ್ಲ. ಹಳೇದು ಜಾಸ್ತಿಯಾದ್ರೆ ಹೀಗಾಗತ್ತೆ."

"ಹಳೇದು ಕಮ್ಮಿಯಾಗಿದೆಯಲ್ಲ ಡಾಕ್ಟ್ರೇ?"

"ಅದಕ್ಕೇ ವಿಚಿತ್ರ ಅಂದದ್ದು. ನಾಳಿದ್ದು ಬನ್ನಿ, ರಕ್ತ ನೋಡೋಣ. ಹೊಸದು ಒಗ್ಗಲ್ಲ ಅಂತಾದ್ರೆ ಹಳೇದಕ್ಕೇ ವಾಪಸ್. ಮತ್ತೆ ಕಾಲಿನ ವಿಷಯ..." ಮುಗಿಸಲಿಲ್ಲ. ನಾನು ಮುಗಿಸಿಕೊಂಡೆ: ಸೊಂಟದ ಚೂರು, ನಿಲ್ಲದ ಸ್ಕ್ರೂ, ಖಾಯಂ ಊರುಗೋಲು.

ಏಪ್ರಿಲ್ 15, ಮಧ್ಯಾಹ್ನ

ಪರದೆ ಎರಡಾಗಿ ಕಾಣುತ್ತದೆ, ಕಿವಿ ಮಾತ್ರ ಒಂದೇ ಕೇಳುತ್ತದೆ. ಆದ್ದರಿಂದ ಕಣ್ಣು ಮುಚ್ಚಿ ಕೆಲಸ.

ಸ್ಟುಡಿಯೊದಲ್ಲಿ ಕಾದಂಬರಿ ಓದುವಾಕೆ ಇಲ್ಲಿಗೇ ಬಂದು ಓದುತ್ತೇನೆ ಎಂದಿದ್ದಾಳೆ. ಈ ಕೋಣೆ ಎಷ್ಟು ನಿಶ್ಶಬ್ದ ಎಂದು ಅಳೆಯಲು ಒಂದು ವಾರದಿಂದ ಸಂಜೆ ರೆಕಾರ್ಡರನ್ನು ಬಾಗಿಲ ಬಳಿ ಇಡುತ್ತಿದ್ದೆ. ಇವತ್ತು ಕೇಳಲು ಕೂತೆ. ಫ್ರಿಜ್ಜಿನ ಗುಂಯ್. ನಲ್ಲಿಯ ತೊಟ್ಟು. ಅಕ್ಕನ ಚಪ್ಪಲಿ. ಹಾಲು ಉಕ್ಕುವ ಸುಯ್. ಸಕ್ಕರೆ ಡಬ್ಬಿಯ ಮುಚ್ಚಳ.

ಅದಕ್ಕೂ ಮೊದಲು, ಚಿಟ್.

ನಿಲ್ಲಿಸಿದೆ. ಹಿಂದಕ್ಕೆ. ಸದ್ದು ಏರಿಸಿದೆ. ಚಿಟ್. ಆಮೇಲೆ ಚಮಚದ ಬೆನ್ನು ತಟ್ಟೆಯ ಮೇಲೆ, ಕರಕರ. ಆಮೇಲೆ ಸಕ್ಕರೆ.

ನನ್ನ ಮಾತ್ರೆಗಳ ಹೊತ್ತು ಎಂಟು. ಹಾಲಿನ ಹೊತ್ತು ಐದೂವರೆ. ಅಕ್ಕ ಯಾವ ಮಾತ್ರೆಯನ್ನೂ ತೆಗೆದುಕೊಳ್ಳುವವಳಲ್ಲ.

ಹಿಂದಿನ ಸಂಜೆಯದ್ದು ಹಾಕಿದೆ. ಚಿಟ್. ಅದರ ಹಿಂದಿನದು. ಚಿಟ್. ಚಿಟ್. ಎರಡು.

ಹೆಡ್‌ಫೋನ್ ತೆಗೆದಿಟ್ಟೆ.

ಅದೇ ದಿನ, ಸಂಜೆ

ಲೋಟ ತಂದಿಟ್ಟಳು. ಎಂದಿನಂತೆ ಕುಡಿಯುವವರೆಗೆ ನಿಂತಳು.

"ಅಕ್ಕಾ, ಮೊದಲ ಗುಟುಕು ನಿಂದು."

"ನನಗೆ ಹಾಲು ಸೇರಲ್ಲ ಅಂತ ಗೊತ್ತಿಲ್ವಾ?"

"ನನಗೂ ಸೇರ್ತಿಲ್ಲ. ಸಕ್ಕರೆ ಎಷ್ಟು ಹಾಕಿದ್ರೂ ತಳದಲ್ಲಿ ಕಹಿ."

ಅವಳ ಮುಖದ ಬಣ್ಣ ಇಳಿಯಿತು. ಗೋಡೆಗೆ ಒರಗಿ, ಜಾರುತ್ತ ನೆಲಕ್ಕೆ ಕೂತಳು. ನನ್ನ ಎದುರಿಗೇ.

"ಅವರು ಕಳೆದಷ್ಟೇ ಹಾಕ್ತಿದ್ದೆ. ಅಷ್ಟೇ. ಆ ದಿನ ನಿನ್ನ ಕೈ ಎಗರ್ತಲ್ಲ... ಆಮೇಲೆ ಕೆಲವು ದಿನ ಇನ್ನೊಂದು ಸೇರಿಸಿದೆ."

ನನಗೆ ನಗು ಬಂತು. ಕೆಟ್ಟ ನಗು. ಮೂಳೆಗೆಂದು ಕೊಟ್ಟ ಹಾಲಿನಲ್ಲೇ ಮೂಳೆ ತಿನ್ನುವ ಮಾತ್ರೆ. ಊರಿನ ಮಕ್ಕಳಿಗೆಲ್ಲ ಕಳೆಯುವ ಲೆಕ್ಕ ಹೇಳಿಕೊಟ್ಟವಳಿಗೆ ಮನೆಯಲ್ಲಿ ಅರ್ಧ ಮಾತ್ರೆ ಕಳೆಯಲು ಬರಲಿಲ್ಲ. ಇದನ್ನೆಲ್ಲ ಹೇಳಿಯೂಬಿಟ್ಟೆ. ಜೋರಾಗಿ.

"ನನ್ನ ಕಾಲು ಹೋಗ್ತಿತ್ತು ಅಕ್ಕ!"

"ಕಾಲು ತಾನೇ!" ಅವಳೂ ಕೂಗಿದಳು. "ನೀನು ಯಾವತ್ತಾದ್ರೂ ನೋಡಿದೀಯಾ? ನಿನ್ನ ಫಿಟ್ಸನ್ನ ನೀನು ಒಂದು ಸಲ ನೋಡಿದೀಯೇನೋ? ಎದ್ದು 'ಏನಾಯ್ತು' ಅಂತ ಕೇಳ್ತೀಯ, ನೀರು ಕುಡೀತೀಯ, ಜೋಕ್ ಹೊಡೀತೀಯ. ತುಟಿ ನೀಲಿ ಆಗೋದು ನೋಡಿದವಳು ನಾನು. ಮೈದಾನದಲ್ಲಿ ನಿನ್ನ ಹಲ್ಲು ಬಿಡಿಸೋಕೆ ಹೋಗಿ—"

ಬೆರಳು ಎತ್ತಿ ಹಿಡಿದಳು. ಬಲಗೈಯ ತೋರುಬೆರಳು. ಗೆಣ್ಣಿನ ಮೇಲೆ ಬಿಳಿ ಕಲೆ. ತರಕಾರಿ ಹೆಚ್ಚುವಾಗ ಆದದ್ದು ಎಂದೇ ನಾನು ತಿಳಿದಿದ್ದೆ. ಅವಳೇ ಹಾಗೆ ಹೇಳಿದ್ದಳು.

ಲೋಟವನ್ನು ಇಬ್ಬರ ನಡುವೆ ನೆಲದ ಮೇಲಿಟ್ಟೆ.

ಹಾಲು ಕೆನೆಗಟ್ಟಿತು. ಇಬ್ಬರೂ ಮುಟ್ಟಲಿಲ್ಲ.

ಏಪ್ರಿಲ್ 24

ಮನೆಯಲ್ಲಿ ಮಾತು ಬಂದ್. ಆದರೆ ಅಕ್ಕ ಒಬ್ಬಳೇ ಆಗಿಬಿಟ್ಟಳು, ಪರದೆಯೂ ಒಂದೇ. ತಲೆ ತಿರುಗು ನಿಂತಿತು.

ರಕ್ತ ಕೊಡಲು ಹೋದ ದಿನ ಮಿಂಚಮ್ಮನಿಗೆ ಅಕ್ಕ ತಾನೇ ಹೇಳಿದಳು. ನಾನು ಬಾಯಿ ತೆಗೆಯುವ ಮೊದಲೇ, ನಿಂತುಕೊಂಡು, ತಪ್ಪು ಮಾಡಿದ ವಿದ್ಯಾರ್ಥಿನಿಯಂತೆ. ಮಿಂಚಮ್ಮ ಗುಡುಗಲಿಲ್ಲ. "ಈ ಮಾತ್ರೆ ಒಂದು ಮಟ್ಟ ದಾಟಿದ ಮೇಲೆ ಚೂರು ಸೇರಿಸಿದ್ರೂ ರಕ್ತದಲ್ಲಿ ಎಲ್ಲಿಗೋ ಏರಿಬಿಡತ್ತಮ್ಮ. ಒಂದಕ್ಕೆ ಒಂದು ಕೂಡಿದ್ರೆ ಎರಡಾಗಲ್ಲ ಇಲ್ಲಿ," ಎಂದರು. ಕೆಲವು ದಿನ ಹಳೆಯದನ್ನು ಪೂರ್ತಿ ತಡೆದು, ರಕ್ತ ನೋಡಿ ನೋಡಿ, ಮತ್ತೆ ಮೊದಲಿಂದ ಕಡಿತದ ಲೆಕ್ಕ. ಜೊತೆಗೆ ಅಕ್ಕನಿಗೊಂದು ಪಾಠ: ಫಿಟ್ಸ್ ಬಂದರೆ ಪಕ್ಕಕ್ಕೆ ಮಲಗಿಸುವುದು, ತಲೆಯ ಕೆಳಗೆ ಮೆತ್ತಗಿನದು, ಬಾಯಿಗೆ ಏನನ್ನೂ ಇಡಬಾರದು, ಬೆರಳನ್ನಂತೂ. ಗಡಿಯಾರ ನೋಡುವುದು. ಐದು ನಿಮಿಷ ದಾಟಿದರೆ ಆಂಬುಲೆನ್ಸ್.

ಅಕ್ಕ ಅದನ್ನು ದಿಂಬಿನ ಮೇಲೆ ಅಭ್ಯಾಸ ಮಾಡುವುದನ್ನು ಬಾಗಿಲ ಸಂದಿಯಿಂದ ನೋಡಿದೆ. ದಿಂಬಿನ ಕಿವಿಯ ಹತ್ತಿರ ಏನೋ ಹೇಳುತ್ತಿದ್ದಳು. ನನಗೆ ಕೇಳಲಿಲ್ಲ. ಮೊದಲ ಸಲ, ಕೇಳಿಸಿಕೊಳ್ಳಲು ಪ್ರಯತ್ನವನ್ನೂ ಮಾಡಲಿಲ್ಲ.

ಮೇ 2

"ಬಿಸಿಲಿಗೆ ಬರ್ತೀಯೋ ಇಲ್ವೋ?"

ಮೌನ ಮುರಿದ ಮಾತು ಇದು. ಕೊಡೆಯಿಲ್ಲದೆ ಬಂದಳು. ಈ ಮನೆಯಲ್ಲಿ ಮುರಿದು ಒಳ್ಳೆಯದಾದದ್ದು ಇದೊಂದೇ.

ಹಳೆಯದು ಈಗ ಕಾಲು ಭಾಗ ಉಳಿದಿದೆ. ಕಾಲಿಗಾಗಿ ಕಾಲು.

ಮೇ 9, ಬೆಳಿಗ್ಗೆ

ಇಂದು ಹಳೆಯ ಮಾತ್ರೆ ಪೂರ್ತಿ ನಿಂತಿತು. ಎಂಟಕ್ಕೆ ಒಂದೇ ಚಿಟ್, ಹೊಸದರದ್ದು. ಬರುವ ವಾರ ಬಡಗಿ ಎಕ್ಸ್‌ರೇ ನೋಡಿ ತೀರ್ಪು ಕೊಡುತ್ತಾರೆ.

ನೆಲದ ಹಾಸಿಗೆಯಲ್ಲಿ ಕೂತು ಬರೆಯುತ್ತಿದ್ದೇನೆ. ಅಕ್ಕ ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದಾಳೆ. ಸೀಮೆಸುಣ್ಣ. ನೋಡು, ಈ ವಾಸನೆ ಬಂದರೆ ಈಗೀಗ ಹೆದರಿಕೆಯೂ ಆಗುವುದಿಲ್ಲ, ಅವಳು ಶಾಲೆಯಿಂದ ಬಂದಳು ಎಂದು

ಶಾಲೆಗೆ ರಜೆ. ವಾರಗಳಿಂದ ಅವಳು ಸೀಮೆಸುಣ್ಣ ಮುಟ್ಟೇ ಇಲ್ಲ. ಹಾಗಾದರೆ ಈ ವಾ

ಮೇ 12

ನಾಲಿಗೆಯ ಅಂಚು ಹರಿದಿದೆ. ಕೊನೆಗೂ ಅದಕ್ಕೂ ಪೆಟ್ಟು.

ನನಗೇನೂ ಗೊತ್ತಿಲ್ಲ. ಎಂದಿನಂತೆ. ಗೊತ್ತಿರುವುದು ಅವಳಿಗೆ. ಈ ಸಲ ಕೇಳಿದೆ, ಎಲ್ಲವನ್ನೂ.

"'ಅಕ್ಕಾ' ಅಂದೆ ನೀನು. ಬಂದೆ. ಪಕ್ಕಕ್ಕೆ ಹೊರಳಿಸಿದೆ. ಪ್ಲಾಸ್ಟರ್ ಕಾಲನ್ನ ನನ್ನ ಎರಡು ಮಂಡಿ ಮಧ್ಯೆ ದಿಂಬಿಟ್ಟು ಆನಿಸ್ಕೊಂಡೆ. ಒತ್ತಿ ಹಿಡೀಲಿಲ್ಲ ಕಣೋ, ಅದು ಎಲ್ಲಿಗೂ ಬಡೀದಿರ್ಲಿ ಅಂತ ಅಷ್ಟೇ. ಗಡಿಯಾರ ನೋಡ್ತಾ ಕೂತೆ."

"ಹೆದರಿಕೆ ಆಯ್ತಾ?"

"ಇಲ್ಲ, ಖುಷಿಯಾಯ್ತು! ಕೇಳ್ತಾನೆ ನೋಡು." ಮುಖ ತಿರುಗಿಸಿದಳು. "ಬೆರಳು ಬಾಯಿ ತನಕ ಹೋಯ್ತು. ವಾಪಸ್ ತಗೊಂಡೆ."

ಆಸ್ಪತ್ರೆಯಲ್ಲಿ ಮಿಂಚಮ್ಮ ಬಂದವರೇ ಹೊಸ ಮಾತ್ರೆ ಏರಿಸಿದರು. ಆಮೇಲೆ ಕೇಳಿದರು, ನನ್ನನ್ನಲ್ಲ, ಇಬ್ಬರನ್ನೂ: "ಹಳೇದಕ್ಕೆ ವಾಪಸ್ ಹೋಗೋಣ ಅಂದ್ರೆ ಹೋಗಬಹುದು. ಇದು ಎರಡನೇ ಸಲ ಬರಲ್ಲ ಅಂತ ನಾನು ಹೇಳಲಾರೆ."

ನಾನು ಅಕ್ಕನನ್ನು ನೋಡಿದೆ. ನೋಡಿದವಳು ಅವಳು. ಮತ್ತೆ ನೋಡಬೇಕಾದವಳೂ ಅವಳೇ. ಈ ಮತ ಅವಳದ್ದು.

ಅಕ್ಕ ಬ್ಯಾಗಿಗೆ ಕೈ ಹಾಕಿದಳು. ಹಳೆಯ ಮಾತ್ರೆಯ ಉಳಿದ ಹಾಳೆಗಳು, ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದ ಕಂತೆ. ಇನ್ನೂ ಇಟ್ಟುಕೊಂಡೇ ಇದ್ದಳು! ಮೇಜಿನ ಮೇಲಿಟ್ಟು ಮಿಂಚಮ್ಮನ ಕಡೆ ತಳ್ಳಿದಳು.

"ಇದನ್ನ ನೀವೇ ಇಟ್ಕೊಳ್ಳಿ. ಮನೇಲಿದ್ರೆ ನನ್ನ ಕೈ ಸುಮ್ನಿರಲ್ಲ."

ಮೇ 16

ಮಾರ್ಚಿನಲ್ಲಿ ತೆಗೆದ ಎಕ್ಸ್‌ರೇ, ಇವತ್ತು ಇನ್ನೊಂದು. ಬಡಗಿ ಎರಡನ್ನೂ ಪಕ್ಕಪಕ್ಕ ಹಿಡಿದರು. ಅಕ್ಕ ನನ್ನ ತೋಳು ಹಿಡಿದಿದ್ದಳು. ಇನ್ನೊಂದು ಮೂಳೆ ಮುರಿಯುವಷ್ಟು ಗಟ್ಟಿಯಾಗಿ.

"ಫಿಟ್ಸಿಗೆ ಏನೂ ಆಗಿಲ್ಲ. ಬಿರುಕು ಅಗಲ ಆಗಿಲ್ಲ." ಬೆರಳಿಟ್ಟು ತೋರಿಸಿದರು. "ಮತ್ತೆ ಇಲ್ಲಿ ನೋಡಿ. ಈ ಅಂಚಲ್ಲಿ."

ಹೊಗೆಯಂಥದ್ದು. ಉಸಿರು ಬಿಟ್ಟು ಮಸುಕಾದ ಕನ್ನಡಿಯಂಥದ್ದು. ಒಂದೇ ಪಕ್ಕ.

"ಮೋಡ?" ಎಂದಳು ಅಕ್ಕ.

"ತುಣುಕು. ಇನ್ನೊಂದು ಪಕ್ಕ ಏನೂ ಇಲ್ಲ ಇನ್ನೂ. ಆಪರೇಷನ್ ಮುಂದಕ್ಕೆ ಹಾಕ್ತೀನಿ. ರದ್ದು ಮಾಡಿಲ್ಲ, ಮುಂದಕ್ಕೆ."

"ಮೋಡ ಕಟ್ಟಬೇಕಾದ್ರೆ ಬಿಸಿಲು ಬೇಕು ಅಂತ ಇವಳ ಪಾಠದಲ್ಲಿ ಇರಲಿಲ್ಲ ಡಾಕ್ಟ್ರೇ," ಎಂದೆ.

ಬಡಗಿ ನಕ್ಕರು. ಮೊದಲ ಸಲ. ಸುತ್ತಿಗೆ ಕೆಳಗಿಟ್ಟಂತೆ ಸದ್ದಾಯಿತು.

ಜೂನ್ 21

ಪ್ಲಾಸ್ಟರ್ ಹೋಗಿದೆ. ಎರಡೂ ಪಕ್ಕ ಮೋಡ. ಒಂದು ದಟ್ಟ, ಒಂದು ತೆಳು. ಊರುಗೋಲು ಒಂದಕ್ಕಿಳಿದಿದೆ. ಫಿಟ್ಸ್ ಮತ್ತೆ ಬಂದಿಲ್ಲ. ಬರಲಾರದು ಎಂದು ಯಾರೂ ಹೇಳಿಲ್ಲ. ನಾವೂ ಕೇಳುವುದನ್ನು ಬಿಟ್ಟಿದ್ದೇವೆ. ಕಾಲು ಕೋಲಿನಷ್ಟು ಸಣ್ಣಗಾಗಿ ಬೆಳ್ಳಗಿದೆ, ಯಾರದ್ದೋ ಎರವಲು ತಂದಂತೆ. ಕೆರೆಯಿತು. ಕೆರೆದುಕೊಂಡೆ. ಆಹಾ.

ಸೀಮೆಸುಣ್ಣದ ವಾಸನೆ. ಎದೆ ಧಸಕ್.

"ಯಾರು?"

"ನಾನೇ ಕಣೋ! ಇನ್ನೂ ಒಳಗೇ ಕೂತಿದೀಯಾ? ಬರೆದದ್ದು ಸಾಕು, ಬಾ ಈಚೆ. ಬಿಸಿಲು ಹೋಗ್ತಾ ಇದೆ!"

ಬಿಸಿಲು ಹೋಗುತ್ತದೆಂದು ನಮ್ಮಕ್ಕ ಕೂಗುತ್ತಿದ್ದಾಳೆ. ಇದನ್ನು ರೆಕಾರ್ಡ್ ಮಾಡಿಟ್ಟು, ಉಸಿರನ್ನೂ ಕತ್ತರಿಸದೆ, ಹಾಗೇ

"ಬಂದೆ" ಅಂದೆ. ಉಳಿದದ್ದು ಬಿಸಿಲಿನಿಂದ ಬಂದ ಮೇಲೆ.